ಹೆಸರು ಬರೆದ ಕಲ್ಲುಗಳು: ಕನಗನಹಳ್ಳಿಯ ಮಹಾಚೈತ್ಯ

ಎರಡೇ ಶಬ್ದ: "ರಾಯಾ ಅಸೋಕೊ". ಲಿಪಿ ಬ್ರಾಹ್ಮೀ, ಭಾಷೆ ಪ್ರಾಕೃತ, ಅರ್ಥ "ಅಶೋಕ ರಾಜ". ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ಎಡದಂಡೆಯ ಮೇಲೆ, ಕನಗನಹಳ್ಳಿ ಎಂಬ ಸಣ್ಣ ಊರಿನ ಹತ್ತಿರ ಮಣ್ಣಿನಡಿಯಿಂದ ಎದ್ದುಬಂದ ಒಂದು ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಈ ಎರಡು ಶಬ್ದಗಳಿವೆ. ಅದೇ ಚಪ್ಪಡಿಯಲ್ಲಿ ಒಬ್ಬ ಅರಸ, ಪಕ್ಕದಲ್ಲಿ ರಾಣಿ, ಸುತ್ತ ಚಾಮರ ಬೀಸುವ, ಛತ್ರಿ ಹಿಡಿದ ಪರಿಚಾರಿಕೆಯರು. ಇಷ್ಟು ಸಿಕ್ಕಿದ್ದೇ ತಡ, ಪತ್ರಿಕೆಗಳಲ್ಲಿ "ಅಶೋಕನ ನಿಜವಾದ ಭಾವಚಿತ್ರ ದೊರೆಯಿತು" ಎಂಬ ಮಾತು ಶುರುವಾಯಿತು. ಇವತ್ತಿಗೂ ಅದು ನಿಂತಿಲ್ಲ.

ನಿಜವಾದ ಭಾವಚಿತ್ರವೇ? ಇತಿಹಾಸ ಓದುವವರಿಗೂ ಸಾಹಿತ್ಯ ಓದುವವರಿಗೂ ಈ ಪ್ರಶ್ನೆ ಒಳ್ಳೆಯ ಅಭ್ಯಾಸ. ಒಂದು ಚಿತ್ರ, ಅದರ ಮೇಲೆ ಒಂದು ಹೆಸರು. ಇವೆರಡನ್ನೂ ಸೇರಿಸಿ ಓದುವುದು ಹೇಗೆ ಎಂಬುದೇ ಈ ಪಾಠದ ವಿಷಯ. ಅದಕ್ಕೆ ಮೊದಲು ಸ್ಥಳದ ಪರಿಚಯ ಮಾಡಿಕೊಳ್ಳೋಣ.

ಮುಂಬಯಿಯಿಂದ ಮದರಾಸಿಗೆ, ಅಂದರೆ ಈಗಿನ ಚೆನ್ನೈಗೆ ಹೋಗುವ ರೈಲುದಾರಿಯಲ್ಲಿ ಕಲಬುರಗಿ, ಶಹಾಬಾದ್, ವಾಡಿ ದಾಟಿದ ಮೇಲೆ ನಾಲವಾರ ಎಂಬ ಸಣ್ಣ ಸ್ಟೇಷನ್ ಬರುತ್ತದೆ. ದೊಡ್ಡ ಗಾಡಿಯವರು ಅದನ್ನು ಗಮನಿಸುವುದೇ ಇಲ್ಲ. ಸನ್ನತಿಗೆ ಹೋಗಬೇಕಾದವರು ಇಳಿಯುವುದು ಅಲ್ಲಿ. ನಾವು ಹೈದರಾಬಾದಿನವರು ತಾಂಡೂರು, ಸೇಡಂ, ಮಳಖೇಡ ರೋಡ್, ಚಿತ್ತಾಪುರ ಮಾರ್ಗವಾಗಿ ವಾಡಿಗೆ ಹೋಗಿ ಅದೇ ದಾರಿ ಹಿಡಿಯುತ್ತೇವೆ. (ಮಳಖೇಡ ಅಂದರೆ ರಾಷ್ಟ್ರಕೂಟರ ಮಾನ್ಯಖೇಟ. ಆ ಸ್ಟೇಷನ್ನಿನಲ್ಲಿ ನಮ್ಮ ಹುಡುಗರು ಚಹಾ ಕುಡಿದು ಮತ್ತೆ ಮಲಗುತ್ತಾರೆ. ಅದು ಬೇರೆ ಮಾತು.) ಸನ್ನತಿ ಎಂದರೆ ನಮ್ಮ ಕಡೆಯ ಹಿರಿಯರಿಗೆ ಚಂದ್ರಲಾಂಬೆಯ ಕ್ಷೇತ್ರ. ಕರ್ನಾಟಕದಿಂದ ಮಾತ್ರವಲ್ಲ, ಮಹಾರಾಷ್ಟ್ರ, ತೆಲಂಗಾಣಗಳಿಂದಲೂ ಆ ದೇವಿಯನ್ನು ಕುಲದೇವತೆಯಾಗಿ ನಂಬಿದ ಮನೆತನದವರು ಬರುತ್ತಾರೆ. ನಮ್ಮ ಸಂಘದಲ್ಲೇ ಅಂಥ ಮನೆಯವರು ಇದ್ದೀರಿ. ಆ ಗುಡಿಯಿಂದ ಎರಡು ಮೈಲಿ ಆಚೆಗೆ ಕನಗನಹಳ್ಳಿ. ಎರಡರ ನಡುವೆ ರಣಮಂಡಲ ಎಂದು ಜನ ಕರೆಯುವ, ಹಳೆಯ ಕೋಟೆಗೋಡೆಯ ಗುರುತು ಉಳಿದ ಬಯಲು. ಅಂದರೆ ಇದು ಒಂದು ಗುಡಿ, ಒಂದು ಸ್ತೂಪ ಅಷ್ಟೇ ಇದ್ದ ಸ್ಥಳವಲ್ಲ. ಎರಡು ಸಾವಿರ ವರ್ಷದ ಹಿಂದೆ ನದಿಯ ತಿರುವಿನಲ್ಲಿ ಒಂದು ಪಟ್ಟಣವೇ ಇತ್ತು.

ಕಲ್ಲಿನ ವಿಷಯ ಒಂದು ಮಾತು. ಮುಂಬಯಿ, ಪುಣೆ, ಹೈದರಾಬಾದಿನ ಹಳೆಯ ಮನೆಗಳಲ್ಲಿ ನೆಲಕ್ಕೆ ಹಾಸಿದ ಬೂದುಬಣ್ಣದ ಶಹಾಬಾದಿ ಫರಸಿ ನೋಡಿದ್ದೀರಲ್ಲ? ಅದು ಭೀಮಾ ತೀರದ ಸುಣ್ಣಕಲ್ಲು. ಪದರು ಪದರಾಗಿ ಬಿಡುತ್ತದೆ, ಚಪ್ಪಡಿ ಮಾಡುವುದು ಸುಲಭ, ಉಳಿಗೆ ಮೆತ್ತಗೆ ಒಗ್ಗುತ್ತದೆ. ಕನಗನಹಳ್ಳಿಯ ಶಿಲ್ಪಿಗಳು ಬಳಸಿದ್ದೂ ಈ ಸೀಮೆಯ ಸುಣ್ಣಕಲ್ಲನ್ನೇ. ಒಬ್ಬರು ಅದರ ಮೇಲೆ ಕಾಲಿಟ್ಟು ನಡೆದರು, ಒಬ್ಬರು ಅದರಲ್ಲಿ ಬುದ್ಧನ ಕಥೆ ಬಿಡಿಸಿದರು.

ಇನ್ನು "ಬೌದ್ಧ ದೇವಾಲಯ" ಎಂಬ ಶಬ್ದ. ನಾವು ಗುಡಿ ಎಂದರೆ ಗರ್ಭಗುಡಿ, ಒಳಗೆ ಮೂರ್ತಿ, ಎದುರಿಗೆ ಮಂಟಪ ಎಂದುಕೊಳ್ಳುತ್ತೇವೆ. ಸ್ತೂಪಕ್ಕೆ ಒಳಗು ಎಂಬುದಿಲ್ಲ. ಅದು ಒಂದು ಗಟ್ಟಿ ದಿಬ್ಬ. ಕೆಳಗೆ ದುಂಡಗಿನ ಜಗಲಿ, ಅದಕ್ಕೆ ಮೇಧಿ ಎಂದು ಹೆಸರು. ಮೇಲೆ ಬೋರಲು ಹಾಕಿದ ಬೋಗುಣಿಯಂಥ ಅಂಡ. ಅದರ ನೆತ್ತಿಯಲ್ಲಿ ಹರ್ಮಿಕೆ, ನಡುವೆ ದಂಡ, ದಂಡಕ್ಕೆ ಛತ್ರ. ಸುತ್ತ ಪ್ರದಕ್ಷಿಣೆಯ ಹಾದಿ, ಹಾದಿಗೆ ಕಲ್ಲಿನ ಕಟಾಂಜನ. ಭಕ್ತ ಒಳಗೆ ಹೋಗುವುದಿಲ್ಲ, ಸುತ್ತು ಬರುತ್ತಾನೆ. ಆದ್ದರಿಂದ ಇಲ್ಲಿ ನೋಡಬೇಕಾದದ್ದೆಲ್ಲ ಹೊರಗೋಡೆಯ ಮೇಲೆಯೇ ಇರಬೇಕು. ಕಾರ್ಲೆಯಲ್ಲಿ, ಕಾನ್ಹೇರಿಯಲ್ಲಿ ಗುಹೆಯ ಒಳಗೆ ಬಂಡೆಯಲ್ಲೇ ಕಡೆದ ಸಣ್ಣ ಸ್ತೂಪ ನೋಡಿದವರಿಗೆ ಆಕಾರ ಗೊತ್ತು. ಅದನ್ನೇ ಬಯಲಿಗೆ ತಂದು, ಬಹಳ ದೊಡ್ಡದು ಮಾಡಿ, ಮೈತುಂಬ ಶಿಲ್ಪದ ಚಪ್ಪಡಿ ಹೊದಿಸಿದರೆ ಕನಗನಹಳ್ಳಿ. ನಾಲ್ಕು ದಿಕ್ಕಿಗೂ ಮುಂಚಾಚಿದ ಆಯಕ ಎಂಬ ವೇದಿಕೆಗಳಿವೆ. ಅಮರಾವತಿ, ನಾಗಾರ್ಜುನಕೊಂಡಗಳ ಸ್ತೂಪಗಳಲ್ಲೂ ಈ ಆಯಕಗಳುಂಟು. ಅಂದರೆ ಭೀಮಾ ತೀರದ ಈ ಕಟ್ಟಡದ ನಂಟು ಕೃಷ್ಣೆಯ ಕೆಳದಂಡೆಯ ಆಂಧ್ರದ ಕಡೆಗೂ ಇತ್ತು. ನದಿಯ ಹರಿವನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಭೀಮೆ ಹೋಗಿ ಸೇರುವುದು ಕೃಷ್ಣೆಯನ್ನೇ.

ಶಾಸನಗಳಲ್ಲಿ ಈ ಸ್ತೂಪಕ್ಕೆ ಇರುವ ಹೆಸರು "ಅಧೋಲೋಕ ಮಹಾಚೇತಿಯ". ಚೇತಿಯ ಎಂದರೆ ಚೈತ್ಯ. ಕಟ್ಟಿದವರೇ ಇಟ್ಟ ಹೆಸರು ಕಟ್ಟಡದ ಮೇಲೆಯೇ ಸಿಗುವುದು ಪುರಾತತ್ವದಲ್ಲಿ ದಿನಾ ಆಗುವ ಮಾತಲ್ಲ.

ಹುಡುಕಾಟದ ಕಥೆ ಒಂದೇ ದಿನದ್ದಲ್ಲ. 1954ರಲ್ಲಿ, ಕಲಬುರಗಿ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ, ಸಂಶೋಧಕ ಕಪಟರಾಳ ಕೃಷ್ಣರಾಯರು ಸನ್ನತಿಯ ಬೌದ್ಧ ಅವಶೇಷಗಳ ಕಡೆ ವಿದ್ವಾಂಸರ ಗಮನ ಸೆಳೆದರು. ಆಮೇಲೆ ಒಬ್ಬೊಬ್ಬರೇ ಬಂದರು, ಹೊಲದಲ್ಲಿ, ಮನೆಗೋಡೆಯಲ್ಲಿ, ಗುಡಿಯ ಆವರಣದಲ್ಲಿ ಬಿದ್ದ ಬ್ರಾಹ್ಮೀ ಅಕ್ಷರದ ಕಲ್ಲುಗಳನ್ನು ಬರೆದುಕೊಂಡರು. 1986ರಿಂದ 1989ರವರೆಗೆ ಜೇಮ್ಸ್ ಹೋವೆಲ್ ಅವರ ಬ್ರಿಟಿಷ್ ತಂಡವೂ ಕರ್ನಾಟಕದ ಪುರಾತತ್ವ ಇಲಾಖೆಯೂ ಸೇರಿ ಸನ್ನತಿಯಲ್ಲಿ ಅಗೆದರು. ಆ ದಶಕದ ಕೊನೆಯ ಭಾಗದಲ್ಲೇ ಇನ್ನೊಂದು ಸಂಗತಿ ಆಯಿತು. ಚಂದ್ರಲಾಂಬೆಯ ಆವರಣದಲ್ಲಿರುವ ಕಾಳಿಯ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಮೂರ್ತಿ ನಿಂತಿದ್ದ ಪೀಠದ ಕಲ್ಲನ್ನು ನೋಡುತ್ತಾರೆ, ಅದರ ಎರಡೂ ಮೈಮೇಲೆ ಅಕ್ಷರ! ಅಶೋಕನ ಶಾಸನ. ನಡುವೆ ಮೂರ್ತಿಯ ಕೆಳಕೊನೆ ಕೂರಲೆಂದು ಯಾರೋ ಕೊರೆದ ಚೌಕದ ತೂತು. ಆ ತೂತಿನ ಜೊತೆ ಒಂದಿಷ್ಟು ಅಕ್ಷರವೂ ಹೋಯಿತು.

ಈ ಕಲ್ಲಿನ ಮಹತ್ವ ಏನೆಂದರೆ, ಕರ್ನಾಟಕದ ಮಿಕ್ಕ ಅಶೋಕ ಶಾಸನಗಳು, ಅಂದರೆ ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಕೊಪ್ಪಳದ ಎರಡು, ನಿಟ್ಟೂರು, ಉಡೆಗೋಳ, ಇವೆಲ್ಲ "ಕಿರುಬಂಡೆ ಶಾಸನ" ಎಂಬ ವರ್ಗದವು. ಸನ್ನತಿಯದು ಹಾಗಲ್ಲ. ಅದರ ಒಂದು ಮೈಯಲ್ಲಿ ದೊಡ್ಡ ಬಂಡೆ ಶಾಸನಗಳ ಪೈಕಿ 12ನೆಯದರ ಭಾಗ, ಅದರ ಬೆನ್ನಿಗೆ 14ನೆಯದು. ಇನ್ನೊಂದು ಮೈಯಲ್ಲಿ "ಪ್ರತ್ಯೇಕ ಶಾಸನ" ಎಂದು ಕರೆಯುವ ಎರಡು ಆಜ್ಞೆಗಳು. ಈ ಪ್ರತ್ಯೇಕ ಶಾಸನಗಳು ಅಲ್ಲಿಯವರೆಗೆ ಸಿಕ್ಕಿದ್ದು ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ, ಅಂದರೆ ಯುದ್ಧಮಾಡಿ ಗೆದ್ದ ಕಳಿಂಗದಲ್ಲಿ. ಅಧಿಕಾರಿಗಳಿಗೆ ರಾಜ ಹೇಳುವ ಮಾತು ಅವು: ಜನರು ನನಗೆ ಮಕ್ಕಳಿದ್ದಂತೆ, ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಸಿಟ್ಟು, ಸೋಮಾರಿತನ ಬಿಡಿ, ಗಡಿಯಾಚೆಯವರಿಗೆ ನನ್ನ ಭಯ ಬೇಡವೆಂದು ತಿಳಿಸಿ, ಇದನ್ನು ತಿಷ್ಯ ನಕ್ಷತ್ರದ ದಿನ ಓದಿ ಕೇಳಿಸಿ, ಎಂಬ ಧಾಟಿ. ಕಳಿಂಗ ಯುದ್ಧದ ಪಶ್ಚಾತ್ತಾಪ ಹೇಳುವ 13ನೆಯ ಶಾಸನವನ್ನು ಕಳಿಂಗದಲ್ಲಿ ಬರೆಸಲಿಲ್ಲ. ಸನ್ನತಿಯ ಕಲ್ಲಿನಲ್ಲೂ 12ರಿಂದ ನೇರವಾಗಿ 14ಕ್ಕೆ ಹಾರಿದ್ದಾರೆ. ಹೊಸದಾಗಿ ಗೆದ್ದ ನಾಡಿಗೆ ಹೇಳುವಂಥ ಮಾತನ್ನೇ ಭೀಮಾ ತೀರಕ್ಕೂ ಹೇಳಬೇಕೆಂದು ಪಾಟಲಿಪುತ್ರದವರಿಗೆ ಏಕೆ ಅನ್ನಿಸಿತು? ಈ ಪ್ರದೇಶವೂ ಅವರಿಗೆ ಆಗ ಹೊಸ ಅಂಚಿನ ನಾಡೇ ಆಗಿದ್ದಿರಬೇಕು ಎಂಬ ಊಹೆ ಇದರಿಂದ ಹುಟ್ಟಿದೆ. ಊಹೆ ಎಂದೇ ಅದನ್ನು ಇಟ್ಟುಕೊಳ್ಳೋಣ.

ಕನಗನಹಳ್ಳಿಯ ದಿಬ್ಬವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಅಗೆಯಲು ಕೈಹಾಕಿತು. ಅಗೆತದ ಹೊಣೆ ಹೊತ್ತವರು ಕೆ.ಪಿ. ಪೂಣಚ್ಚ. ಅವರ ವರದಿಗೆ 2011ರ ಮುದ್ರೆ ಇದೆ. ಶಾಸನಗಳನ್ನೆಲ್ಲ ಒಟ್ಟುಮಾಡಿ ಓದಿ ಜರ್ಮನಿಯ ಓಸ್ಕರ್ ಫಾನ್ ಹಿನ್ಯೂಬರ್ ಮತ್ತು ಜಪಾನಿನ ನಕಾನಿಶಿ ಅವರು 2014ರಲ್ಲಿ ಪ್ರಕಟಿಸಿದರು. ಇನ್ನೂರಕ್ಕೂ ಮಿಕ್ಕಿ ಬರಹಗಳು. ಸ್ತೂಪ ಕುಸಿದಾಗ ಚಪ್ಪಡಿಗಳು ಬಿದ್ದಲ್ಲೇ ಬಿದ್ದು ಮಣ್ಣು ಮುಚ್ಚಿತ್ತು. ಅದು ನಮ್ಮ ಪುಣ್ಯ. ಅಮರಾವತಿಯ ಗತಿ ನೋಡಿ: ಅಲ್ಲಿ 18ನೆಯ ಶತಮಾನದ ಕೊನೆಗೆ ಜಮೀನ್ದಾರರು ಕಟ್ಟಡಕ್ಕೆಂದು ಕಲ್ಲು ಕಿತ್ತರು, ಆಮೇಲೆ ಉಳಿದವು ಲಂಡನ್ನಿಗೂ ಮದರಾಸಿಗೂ ಹಂಚಿಹೋದವು. ಚೆನ್ನೈಯಲ್ಲಿ ಓದುವ ಗೆಳೆಯರು ಎಗ್ಮೋರಿನ ಮ್ಯೂಸಿಯಮ್ಮಿಗೆ ಹೋದರೆ ಆ ಚಪ್ಪಡಿಗಳನ್ನು ನೋಡಬಹುದು. ಆದರೆ ಯಾವ ಕಲ್ಲಿನ ಪಕ್ಕ ಯಾವುದಿತ್ತು ಎಂಬುದನ್ನು ಅಲ್ಲಿ ತಲೆಕೆರೆದುಕೊಂಡು ಊಹಿಸಬೇಕು. ಕನಗನಹಳ್ಳಿಯಲ್ಲಿ ಆ ಗೋಳು ಕಡಿಮೆ.

ಈಗ ಹೆಸರು ಬರೆದ ಕಲ್ಲುಗಳಿಗೆ ಬರೋಣ.

ಶಿಲ್ಪದ ಪಕ್ಕ "ಇದು ಇಂಥದು" ಎಂದು ಬರೆಯುವ ಪದ್ಧತಿ ಬೌದ್ಧರಲ್ಲಿ ಹಳೆಯದು. ಮಧ್ಯಪ್ರದೇಶದ ಭಾರ್ಹುತದಲ್ಲಿ ಜಾತಕ ಕಥೆಗಳಿಗೂ ಯಕ್ಷಯಕ್ಷಿಯರಿಗೂ ಹೀಗೆ ಹೆಸರು ಹಚ್ಚಿದ್ದಾರೆ. ಸಾಂಚಿಯಲ್ಲಿ ಹಚ್ಚಿಲ್ಲ. ಅಲ್ಲಿನ ದಕ್ಷಿಣ ತೋರಣದಲ್ಲಿ ಇರುವವನು ಅಶೋಕ ಎಂದು ನಾವು ಹೇಳುವುದು ಕಥೆಗಳಿಗೆ ಹೋಲಿಸಿ, ಅಂದಾಜಿನಿಂದ. ಕನಗನಹಳ್ಳಿಯವರು ಭಾರ್ಹುತದ ಹಾದಿ ಹಿಡಿದರು, ಒಂದು ಹೆಜ್ಜೆ ಮುಂದೂ ಹೋದರು: ಕಥೆಯ ರಾಜರ ಜೊತೆಗೆ ತಮ್ಮ ನಾಡನ್ನು ಆಳಿದ ಸಾತವಾಹನ ರಾಜರನ್ನೂ ಬಿಡಿಸಿ ಹೆಸರು ಬರೆದರು.

ಸಾತವಾಹನರ ಬಗ್ಗೆ ನಮಗೆ ಗೊತ್ತಿದ್ದದ್ದು ಬಹುಮಟ್ಟಿಗೆ ಪುರಾಣಗಳ ರಾಜಾವಳಿ, ನಾಣ್ಯ, ನಾಸಿಕ ಮತ್ತು ನಾಣೇಘಾಟಿನ ಶಾಸನಗಳು. ಪುರಾಣದ ಪಟ್ಟಿಯಲ್ಲಿ ಮಂತಲಕ, ಸುಂದರ ಸಾತಕರ್ಣಿ ಎಂಬ ಹೆಸರುಗಳಿವೆ. ಇವರು ನಿಜವಾಗಿ ಇದ್ದರೋ, ಪಟ್ಟಿ ಉದ್ದ ಮಾಡಲು ಬಂದರೋ ಎಂದು ಮೂಗು ಮುರಿಯುವವರಿದ್ದರು. ಕನಗನಹಳ್ಳಿಯ ಕಲ್ಲಿನಲ್ಲಿ ಇಬ್ಬರ ಹೆಸರೂ ಸಿಕ್ಕವು, ಆಕೃತಿಯ ಸಮೇತ. ವಂಶದ ಮೊದಲಿಗನೆಂದು ಪುರಾಣ ಹೇಳುವ ಸಿಮುಕನ ಹೆಸರು "ಸಿರಿ ಚಿಮುಕ ಸಾತವಾಹನ" ಎಂದು, ಅವನ ಆಳ್ವಿಕೆಯ 16ನೆಯ ವರ್ಷದ ಉಲ್ಲೇಖದೊಂದಿಗೆ ದೊರೆಯಿತು. ಇನ್ನೊಂದು ಚಪ್ಪಡಿಯಲ್ಲಿ ಸಾತಕರ್ಣಿ ರಾಜ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಿದ್ದಾನೆ ಎಂಬ ಬರಹ. ಮತ್ತೊಂದರಲ್ಲಿ ಪುಳುಮಾವಿ ರಾಜ ಅಜಯತ ಎಂಬವನಿಗೆ ಉಜ್ಜಯಿನಿಯನ್ನು ಕೊಡುತ್ತಿದ್ದಾನೆ. ಒಂದು ಊರನ್ನೇ ಕೊಡುವುದು! ಇದು ದಾನವೋ, ಸೋತು ಬಿಟ್ಟುಕೊಟ್ಟದ್ದನ್ನು ಮರ್ಯಾದೆಯಾಗಿ ದಾನವೆಂದು ಬರೆದದ್ದೋ ಎಂದು ವಿದ್ವಾಂಸರು ಕಿತ್ತಾಡುತ್ತಿದ್ದಾರೆ. ನನಗೆ ಎರಡನೆಯದೇ ಸರಿ ಎನಿಸುತ್ತದೆ. ಆಸ್ಥಾನದ ಭಾಷೆ ಯಾವ ಕಾಲದಲ್ಲೂ ಸೋಲನ್ನು ಸೋಲು ಅನ್ನುವುದಿಲ್ಲವಷ್ಟೆ.

ಪುಣೆಯ ಗೆಳೆಯರಿಗೆ ನಾಣೇಘಾಟ್ ಗೊತ್ತು. ಜುನ್ನರಿನ ಮೇಲಿನ ಆ ಕಣಿವೆಯ ಗುಹೆಯ ಗೋಡೆಯಲ್ಲಿ ಒಂದು ಸಾಲು ಆಕೃತಿಗಳಿದ್ದವು. ಅವುಗಳ ತಲೆಯ ಮೇಲೆ ಸಿಮುಕ, ರಾಣಿ ನಾಯನಿಕೆ, ಸಾತಕರ್ಣಿ ಮುಂತಾಗಿ ಹೆಸರುಗಳು. ಈಗ ಹೆಸರಷ್ಟೇ ಉಳಿದಿದೆ, ಆಕೃತಿಗಳು ಅಳಿಸಿಹೋಗಿವೆ. ನಾಣೇಘಾಟಿನಲ್ಲಿ ಹೆಸರಿದೆ, ರೂಪವಿಲ್ಲ. ಸಾಂಚಿಯಲ್ಲಿ ರೂಪವಿದೆ, ಹೆಸರಿಲ್ಲ. ಕನಗನಹಳ್ಳಿಯಲ್ಲಿ ಎರಡೂ ಒಂದೇ ಕಲ್ಲಿನ ಮೇಲಿವೆ. ಅದರ ಬೆಲೆ ಇರುವುದು ಇಲ್ಲಿ.

ಹಾಗಾದರೆ ಆ "ರಾಯಾ ಅಸೋಕೊ" ಚಪ್ಪಡಿ?

ಅಶೋಕ ಆಳಿದ್ದು ಸುಮಾರು ಕ್ರಿ.ಪೂ. 268ರಿಂದ 232ರವರೆಗೆ. ಈ ಚಪ್ಪಡಿ ಕೆತ್ತಿದ್ದು ಸಾತವಾಹನರ ಕಾಲದಲ್ಲಿ, ಅಂದರೆ ಅವನು ಸತ್ತು ಎರಡು ಮೂರು ಶತಮಾನ ಕಳೆದ ಮೇಲೆ. ಕೆತ್ತಿದವನು ಅಶೋಕನನ್ನು ನೋಡಿರಲಿಲ್ಲ. ಅವನ ಅಜ್ಜನ ಅಜ್ಜನೂ ನೋಡಿರಲಿಲ್ಲ. ಆ ಅರಸನ ಮುಂಡಾಸು, ಕಿವಿಯೋಲೆ, ನಿಲುವು ಇವೆಲ್ಲ ಅಕ್ಕಪಕ್ಕದ ಚಪ್ಪಡಿಗಳ ಸಾತವಾಹನ ಅರಸರವೇ. ಹೆಸರು ಮುಚ್ಚಿ ತೋರಿಸಿದರೆ ಯಾರು ಅಶೋಕ, ಯಾರು ಸಾತಕರ್ಣಿ ಎಂದು ಮುಖ ನೋಡಿ ಹೇಳಲು ಆಗುವುದಿಲ್ಲ. ಅಶೋಕಾವದಾನವೆಂಬ ಸಂಸ್ಕೃತ ಕಥೆಯಲ್ಲಿ ಅಶೋಕನ ಮೈ ಒರಟಾಗಿತ್ತು, ಅದರಿಂದ ತಂದೆ ಬಿಂದುಸಾರನಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ ಎಂದು ಬರುತ್ತದೆ. ಕನಗನಹಳ್ಳಿಯ ಶಿಲ್ಪಿ ಅಂಥದ್ದಕ್ಕೆಲ್ಲ ಹೋಗಿಲ್ಲ. ರಾಜ ಅಂದರೆ ಹೀಗಿರಬೇಕು, ಅಷ್ಟೆ. ಪಕ್ಕದ ರಾಣಿಯನ್ನು ಕೆಲವರು ತಿಷ್ಯರಕ್ಷಿತೆ ಎಂದೂ ಕೆಲವರು ಬೇರೆ ಹೆಸರಿನಿಂದಲೂ ಕರೆಯುತ್ತಾರೆ. ಕಲ್ಲು ಅವಳ ಹೆಸರು ಹೇಳಿಲ್ಲ. ಹೇಳದ್ದನ್ನು ನಾವು ಹೇಳಿಸಬಾರದು.

ಆದ್ದರಿಂದ "ನಿಜವಾದ ಭಾವಚಿತ್ರ" ಎಂಬುದನ್ನು ಮುಖಚಹರೆ ಎಂಬ ಅರ್ಥದಲ್ಲಿ ತೆಗೆದುಕೊಂಡರೆ ಅದು ಸುಳ್ಳು. ಹಂಗಂತ ಈ ಕಲ್ಲು ಸಣ್ಣದಾಗುವುದಿಲ್ಲ ನೋಡ್ರಿ. ಅದು ಬೇರೆ ಒಂದು ಸಂಗತಿಗೆ ಸಾಕ್ಷಿ. ಅಶೋಕ ತನ್ನ ಶಾಸನಗಳಲ್ಲಿ ತನ್ನನ್ನು ಕರೆದುಕೊಳ್ಳುವುದು ಸಾಮಾನ್ಯವಾಗಿ "ದೇವಾನಂಪಿಯ", "ಪಿಯದಸಿ" ಎಂದು. "ಅಶೋಕ" ಎಂಬ ಸ್ವಂತ ಹೆಸರು ಬರುವುದು ಬೆರಳೆಣಿಕೆಯ ಕಡೆ: ಮಸ್ಕಿ, ನಿಟ್ಟೂರು, ಉಡೆಗೋಳ, ಮಧ್ಯಪ್ರದೇಶದ ಗುಜರ್ರಾ. (ಮಸ್ಕಿಯದು 1915ರಲ್ಲಿ ಸಿಕ್ಕಾಗ, ಅದನ್ನು ಪ್ರಕಟಿಸಿದ್ದು ನಮ್ಮ ಹೈದರಾಬಾದಿನ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ. ದೇವಾನಂಪಿಯನೇ ಅಶೋಕ ಎಂಬುದು ಅದರಿಂದ ಗಟ್ಟಿಯಾಯಿತು.) ಕನಗನಹಳ್ಳಿಯಲ್ಲಿ ಹೆಸರು ಬರೆದವನು ಎರಡು ಮೈಲಿ ದೂರದ ಸನ್ನತಿಯ ಶಾಸನ ನೋಡಿ "ದೇವಾನಂಪಿಯ" ಎಂದು ಬರೆಯಲಿಲ್ಲ. "ರಾಯಾ ಅಸೋಕೊ" ಎಂದು ಬರೆದ. ಬೌದ್ಧ ಕಥೆಗಳಲ್ಲಿ ಅವನ ಹೆಸರು ಅಶೋಕ ಎಂದೇ. ಭಿಕ್ಷುಗಳ ಬಾಯಲ್ಲಿ, ಉಪಾಸಕರ ಮನೆಯಲ್ಲಿ ನಡೆದುಬಂದ ಆ ಕಥೆಯಿಂದ ಈ ಹೆಸರು ಕಲ್ಲಿಗೆ ಇಳಿದಿದೆ ಎಂದು ನನ್ನ ಅಭಿಪ್ರಾಯ. ಮೌರ್ಯರ ಆಡಳಿತ ಹೋಗಿ ಎಷ್ಟೋ ಕಾಲವಾಗಿತ್ತು. ಆಗಲೂ ಭೀಮಾ ತೀರದ ಜನ ತಮ್ಮ ಚೈತ್ಯದ ಗೋಡೆಯ ಮೇಲೆ, ತಾವು ಕಂಡ ರಾಜರ ಸಾಲಿನಲ್ಲೇ ಅವನಿಗೂ ಒಂದು ಜಾಗ ಕೊಟ್ಟರು. ನಾವು ನೋಡುತ್ತಿರುವುದು ಆ ನೆನಪಿನ ಚಿತ್ರ. ಅಶೋಕನ ಮೂಗು ಹೇಗಿತ್ತು ಎಂಬುದಕ್ಕಿಂತ ಇದು ಹೆಚ್ಚಿನ ಮಾಹಿತಿ ಅಂತ ನನಗೆ ತೋರುತ್ತದೆ.

ಕನ್ನಡ ವಿದ್ಯಾರ್ಥಿಗಳು ಇಲ್ಲಿ ಒಂದು ತಕರಾರು ಎತ್ತಬಹುದು: "ಇದೆಲ್ಲ ಪ್ರಾಕೃತ. ಕನ್ನಡಕ್ಕೇನು ಸಂಬಂಧ? ನಮ್ಮದು ಹಲ್ಮಿಡಿಯಿಂದ ಶುರು." ಕನ್ನಡದ ಬರಹ ಹಲ್ಮಿಡಿಯ ಹೊತ್ತಿಗೆ, ಅಂದರೆ 5ನೆಯ ಶತಮಾನದ ಸುಮಾರಿಗೆ ಕಾಣುತ್ತದೆ ಎಂಬುದು ಸರಿ. ಆದರೆ ಬರೆಯುವ ಮೊದಲೂ ಭಾಷೆ ಇತ್ತಲ್ಲ. ಪ್ರಾಕೃತದ ಜೊತೆ ಅದು ಎಷ್ಟು ಹತ್ತಿರದಿಂದ ಬಾಳ್ವೆ ಮಾಡಿತು ಎಂಬುದಕ್ಕೆ ಈ ಕಲ್ಲುಗಳನ್ನೇ ಓದಿ. ಸಂಸ್ಕೃತದ "ರಾಜ" ಪ್ರಾಕೃತದಲ್ಲಿ "ರಾಯ". ನಾವು ಕೃಷ್ಣದೇವರಾಯ ಅನ್ನುತ್ತೇವೆ, ಮನೆಯಲ್ಲಿ "ರಾಯರು ಬಂದರು" ಅನ್ನುತ್ತೇವೆ. "ಶ್ರೀ" ಅಲ್ಲಿ "ಸಿರಿ", ನಮ್ಮಲ್ಲೂ ಸಿರಿಯೇ. ಸಾತಕರ್ಣಿ ಕೊಟ್ಟ ತಾವರೆ "ಪಯುಮ". ನಮ್ಮ ಹಳೆಯ ಕಾವ್ಯಗಳಲ್ಲಿ ಪದ್ಮ "ಪದುಮ"ವಾಗಿದೆ. ಆ ತಾವರೆಗಳು "ರೂಪಾಮಯ", ಬೆಳ್ಳಿಯವು; ರೂಪ್ಯವೆಂದರೆ ಬೆಳ್ಳಿ, ಅದೇ ನಮ್ಮ ಕಿಸೆಯ ರೂಪಾಯಿ. ಸೆಟ್ಟಿ, ಬಸದಿ, ಸಾವಿರ ಇಂಥವೆಲ್ಲ ಪ್ರಾಕೃತದ ಹಾದಿಯಲ್ಲಿ ಬಂದ ಮಾತುಗಳೇ. ಪರೀಕ್ಷೆಗೆಂದು ನಾವು ತತ್ಸಮ-ತದ್ಭವದ ಪಟ್ಟಿ ಉರುಹೊಡೆಯುತ್ತೇವೆ. ಆ ತದ್ಭವಗಳು ಎಲ್ಲಿ ಉಸಿರಾಡುತ್ತಿದ್ದವು ಎಂದು ಕೇಳಿದರೆ, ಒಂದು ಉತ್ತರ ಸನ್ನತಿ-ಕನಗನಹಳ್ಳಿಯಂಥ ಊರುಗಳ ಪೇಟೆಯಲ್ಲಿ ಮತ್ತು ಚೈತ್ಯದ ಅಂಗಳದಲ್ಲಿ.

ರಾಜರ ಮಾತು ಬಹಳವಾಯಿತು. ಕನಗನಹಳ್ಳಿಯ ಬರಹಗಳಲ್ಲಿ ಹೆಚ್ಚಿನ ಪಾಲು ರಾಜರದಲ್ಲ. "ಇಂಥವನ ದಾನ", "ಇಂಥವಳ ದಾನ" ಎಂಬ ಚಿಕ್ಕ ಸಾಲುಗಳು. ಭಿಕ್ಷುಗಳು, ಭಿಕ್ಷುಣಿಯರು, ಗೃಹಪತಿಗಳು, ಅವರ ಹೆಂಡಿರು ಮಕ್ಕಳು. ಒಬ್ಬೊಬ್ಬರು ಒಂದೊಂದು ಚಪ್ಪಡಿಗೆ ಹಣ ಕೊಟ್ಟು ಹೆಸರು ಬರೆಸಿದ್ದಾರೆ. ಕಾರ್ಲೆಯ ಕಂಬಗಳ ಮೇಲೂ ಇದೇ ರೀತಿ, ಅಲ್ಲಿ ಧೇನುಕಾಕಟದ ಯವನರೂ ದಾನಿಗಳು. ಕಾನ್ಹೇರಿಯಲ್ಲಿ ಸೋಪಾರಾ, ಕಲ್ಯಾಣಗಳ ವ್ಯಾಪಾರಿಗಳು. ನಮ್ಮ ಊರ ಗುಡಿಗಳಲ್ಲಿ ಟ್ಯೂಬ್‌ಲೈಟಿನ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರು ಬರೆದಿರುವುದನ್ನು ನೋಡಿ ನಗುತ್ತೇವೆ. ಎರಡು ಸಾವಿರ ವರ್ಷದ ಪದ್ಧತಿ ಅದು, ನಗಬೇಡಿ. ಆ ಹೆಸರುಗಳಿಲ್ಲದಿದ್ದರೆ ಈ ಮಹಾಚೈತ್ಯವನ್ನು ಒಬ್ಬ ರಾಜ ಕಟ್ಟಿಸಿದ ಎಂದು ನಾವು ಹೇಳಿ ಮುಗಿಸಿಬಿಡುತ್ತಿದ್ದೆವು.

ಬುದ್ಧನ ಚಿತ್ರಣದಲ್ಲೂ ಒಂದು ಬದಲಾವಣೆ ಕಾಣುತ್ತದೆ. ಹಳೆಯ ಚಪ್ಪಡಿಗಳಲ್ಲಿ ಬುದ್ಧನ ಆಕೃತಿ ಇಲ್ಲ. ಬರಿದಾದ ಆಸನ, ಬೋಧಿವೃಕ್ಷ, ಪಾದದ ಗುರುತು, ಚಕ್ರ, ಇವುಗಳಿಂದ ಅವನು ಇಲ್ಲಿದ್ದಾನೆ ಎಂದು ತಿಳಿಯಬೇಕು. ಆಮೇಲಿನ ಕಾಲದಲ್ಲಿ ಬುದ್ಧನ ಮೂರ್ತಿಗಳು ಬಂದವು, ಶಾಕ್ಯಮುನಿಗಿಂತ ಹಿಂದಿನ ಬುದ್ಧರ ಮೂರ್ತಿಗಳಿಗೂ ಹೆಸರು ಕೊರೆದರು. ಒಂದೇ ಕಟ್ಟಡದ ಸುತ್ತ ಒಂದು ಸುತ್ತು ಬಂದರೆ ಎರಡೂ ಕಾಲ ಕಣ್ಣಿಗೆ ಬೀಳುತ್ತವೆ.

ಇಷ್ಟೆಲ್ಲ ಬರೆದಿಟ್ಟ ಜನ ಹೋದ ಮೇಲೆ ಓದುವವರೂ ಹೋದರು. ಬೌದ್ಧಧರ್ಮ ನಮ್ಮ ನಾಡಿನಲ್ಲಿ ಒಮ್ಮೆಲೇ ಆರಿಹೋಗಲಿಲ್ಲ. ಕಾನ್ಹೇರಿಯಲ್ಲಿ 9ನೆಯ ಶತಮಾನದ, ಅಮೋಘವರ್ಷನ ಹೆಸರು ಹೇಳುವ ದಾನಶಾಸನಗಳಿವೆ. ಗದಗಿನ ಹತ್ತಿರದ ಡಂಬಳದಲ್ಲಿ 1095ರಲ್ಲಿ ಸೆಟ್ಟಿಗಳು ತಾರಾದೇವಿಯ ಗುಡಿ, ವಿಹಾರಗಳಿಗೆ ಬಿಟ್ಟ ದತ್ತಿಯ ಕನ್ನಡ ಶಾಸನವಿದೆ. ಆದರೆ ಬ್ರಾಹ್ಮಿಯ ಹಳೆಯ ರೂಪ ಓದುವ ವಿದ್ಯೆ ಮಾತ್ರ ಎಲ್ಲ ಕಡೆಯೂ ತಪ್ಪಿಹೋಯಿತು. ದೆಹಲಿಯ ಸುಲ್ತಾನ ಫಿರೋಜ್ ಷಾ ತುಘಲಕ್ 14ನೆಯ ಶತಮಾನದಲ್ಲಿ ತೋಪ್ರಾದಿಂದ ಅಶೋಕನ ಕಂಬವನ್ನು ಅಷ್ಟು ಜತನದಿಂದ ತರಿಸಿ ನಿಲ್ಲಿಸಿದ. ಅದರ ಮೇಲಿನದು ಏನೆಂದು ಹೇಳಬಲ್ಲವರು ಅವನಿಗೆ ಸಿಗಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯಲ್ಲಿ ಕುಳಿತು ಆ ಅಕ್ಷರಗಳನ್ನು ಬಿಡಿಸುವವರೆಗೂ ಅವು ಬರೀ ಗೀಟುಗಳು. ಹೀಗಿರುವಾಗ ಸನ್ನತಿಯಲ್ಲಿ ಕಾಳಿಯ ಪೀಠಕ್ಕೆ ಆ ಕಲ್ಲನ್ನು ಇಟ್ಟವರ ಮೇಲೆ "ಶಾಸನ ಹಾಳುಮಾಡಿದರು" ಎಂದು ಹರಿಹಾಯುವುದು ನ್ಯಾಯವಲ್ಲ. ಅವರಿಗೆ ಕಂಡದ್ದು ಒಂದು ಒಳ್ಳೆಯ, ಸಮತಟ್ಟಾದ ಕಲ್ಲು. ಜೊತೆಗೆ ಇನ್ನೊಂದು ಮಾತು. ಶಾಸನ 12ರ ನಡುವಿನಿಂದ ಶುರುವಾಗುವ ಈ ಕಲ್ಲಿಗೆ ಮುಂಚಿನ ಕಲ್ಲುಗಳೂ ಇದ್ದಿರಲೇಬೇಕು. ಬಯಲಿನಲ್ಲಿದ್ದ ಅವು ಕೈಗೆ ಸಿಕ್ಕಿಲ್ಲ. ದೇವಿಯ ಕಾಲಡಿ ಇದ್ದದ್ದು ಉಳಿದಿದೆ.

ಉಳಿಸುವ ವಿಷಯದಲ್ಲಿ ದೂರಬೇಕಾದದ್ದು ಆಗಿನವರನ್ನಲ್ಲ. ಓದಲು ಬಂದ ಮೇಲೆ ನಾವು ಏನು ಮಾಡಿದೆವು? ಅಗೆದು ತೆಗೆದ ಚಪ್ಪಡಿಗಳು ಎಷ್ಟೋ ವರ್ಷ ಅದೇ ಬಯಲಲ್ಲಿ, ಬಿಸಿಲು ಮಳೆಗೆ ಮೈಯೊಡ್ಡಿ ಬಿದ್ದಿದ್ದವು. ಸುಣ್ಣಕಲ್ಲು ಗ್ರಾನೈಟಲ್ಲ. ಪದರು ಸಡಿಲವಾದರೆ ಮೊದಲು ಹೋಗುವುದು ಮೇಲಿನ ತೆಳು ಗೆರೆಗಳು, ಅಂದರೆ ಅಕ್ಷರ. ಮುರಿದ ಚೂರುಗಳನ್ನು ಕೂಡಿಸಿ ಸ್ತೂಪವನ್ನು ಮತ್ತೆ ನಿಲ್ಲಿಸುವ, ಆವರಣ ಸರಿಪಡಿಸುವ ಕೆಲಸ ಕಣ್ಣಿಗೆ ಕಾಣುವಂತೆ ಶುರುವಾದದ್ದು 2022ರ ಸುಮಾರಿಗೆ. ತಡವಾಗಿಯಾದರೂ ಆಯಿತು ಎನ್ನಬಹುದು. ನಾನು ಹಾಗೆ ಸುಲಭವಾಗಿ ಸಮಾಧಾನಪಡಲಾರೆ.

ಹೋಗ ಬಯಸುವವರಿಗೆ ಒಂದೆರಡು ಸೂಚನೆ. ಬೇಸಗೆಯಲ್ಲಿ ಬೇಡ, ಆ ಸೀಮೆಯ ಬಿಸಿಲು ಗೊತ್ತಲ್ಲ. ದೀಪಾವಳಿ ಕಳೆದ ಮೇಲೆ ಹೋಗಿ. ಮನೆಯ ಹಿರಿಯರು ಚಂದ್ರಲಾಂಬೆಗೆ ಹೊರಟರೆ ಅವರ ಜೊತೆಗೇ ಹೊರಡಿ, ಗುಡಿಯ ಆವರಣದಿಂದಲೇ ನೋಡಲು ಶುರುಮಾಡಿ. ಕನಗನಹಳ್ಳಿಯಲ್ಲಿ ಪ್ರದಕ್ಷಿಣೆ ಬರುವಾಗ ಬೆಳಗಿನ ಅಥವಾ ಇಳಿಹೊತ್ತಿನ ಓರೆಬಿಸಿಲು ಇದ್ದರೆ ಅಕ್ಷರ ಚೆನ್ನಾಗಿ ಏಳುತ್ತದೆ. ನಡುಹಗಲಲ್ಲಿ ಕಲ್ಲು ಬೆಳ್ಳಗೆ ಹೊಳೆದು ಏನೂ ಕಾಣಿಸದು. ಬ್ರಾಹ್ಮಿಯ ನಾಲ್ಕು ಅಕ್ಷರ ಮೊದಲೇ ಕಲಿತುಕೊಂಡು ಹೋಗಿ. "ದ" ಎಂದರೆ ಬದಿಗೆ ಬಾಯಿ ತೆರೆದ ಒಂದು ಸಣ್ಣ ಕೊಕ್ಕೆ, "ನ" ಎಂದರೆ ಅಡ್ಡಗೆರೆಯ ಮೇಲೆ ನಿಂತ ಒಂದು ಕಡ್ಡಿ. "ದ"ಕ್ಕೆ ದೀರ್ಘದ ಗುರುತು ಸೇರಿ, ಮುಂದೆ "ನ" ಬಂದರೆ "ದಾನ" ಆಯಿತು. ಯಾವ ಸಾಲಿನ ಕೊನೆಗಾದರೂ ಅದನ್ನು ಹುಡುಕಿ. ಅದು ಸಿಕ್ಕಿತೆಂದರೆ ಅದರ ಹಿಂದಿರುವುದು ಒಬ್ಬ ಮನುಷ್ಯನ ಹೆಸರು.